ಮಳೆಗೆ ಮನೆಯೊಳಗೇ ಕೂತ ಮಕ್ಕಳು: ಟಿವಿ ಹಾಕಿಯೇ ಮೈ ಬೆವರಿಸೋಕೆ ಆಗುತ್ತಾ?

ಮಲೆನಾಡಮ್ಮ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಓದಿ ಪ್ಲೀಸ್. ಇಲ್ಲಿ ಮಳೆ ಹಿಡಿದು ಒಂದು ತಿಂಗಳ ಮೇಲಾಯ್ತು, ಈ ವಾರ ಡಿಸಿ ಅವರು ರಜೆ ಕೊಟ್ಟಿದ್ರಿಂದ ಎರಡು ದಿನ ಸ್ಕೂಲೂ ಇಲ್ಲ. ಮಗನಿಗೆ 7 ವರ್ಷ, ಮಗಳಿಗೆ 4. ಅಂಗಳ ಪೂರ್ತಿ ಪಾಚಿ, ಕಾಲಿಟ್ರೆ ಜಾರುತ್ತೆ, ತೋಟದ ಕಡೆ ಹೋದ್ರೆ ಇಂಬಳ (ಜಿಗಣೆ) ಹತ್ತುತ್ತೆ, ಹಾಗಾಗಿ ಹೊರಗೆ ಆಡ್ಕೊಳ್ಳಿ ಅಂತ ಬಿಡೋ ಹಾಗೇ ಇಲ್ಲ. ಹೋದ ವರ್ಷ ಇದೇ ಟೈಮಲ್ಲಿ ಕೈಗೆ ಟ್ಯಾಬ್ ಕೊಟ್ಟು ಸುಮ್ನಿದ್ದೆ, ದಿನಕ್ಕೆ ಮೂರು ನಾಲ್ಕು ಗಂಟೆ ಆಗ್ತಿತ್ತು, ಸಂಜೆ ಹೊತ್ತಿಗೆ ಇಬ್ರೂ ಸಿಡುಕು, ಊಟ ಸೇರಲ್ಲ, ರಾತ್ರಿ ಹನ್ನೊಂದಾದ್ರೂ ನಿದ್ದೆ ಇಲ್ಲ. ಆ ಎರಡು ತಿಂಗಳು ಇವತ್ತಿಗೂ ನೆನಪಾಗಿ ಬೇಜಾರಾಗುತ್ತೆ.

ಈ ಸಲ ಒಂದು ನಿರ್ಧಾರ ಮಾಡಿದೆ, ಹೇಗೂ ಸ್ಕ್ರೀನ್ ನೋಡ್ತಾರೆ, ಕುಣಿಸೋದನ್ನೇ ಹಾಕೋಣ ಅಂತ. ಮಕ್ಕಳಿಗೆ ಕಥೆ ಹೇಳ್ತಾ ಯೋಗ ಮಾಡಿಸೋ ವಿಡಿಯೋ ಟಿವಿಲಿ ಹಾಕ್ದೆ. ಮೊದಲ ದಿನ ಇಬ್ರೂ ಹಾವಾದ್ರು, ಬೆಕ್ಕಾದ್ರು, ಮರ ಆದ್ರು, ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ ಇವರಿಗೆ ಫೋಟೋ ತೆಗೆದು ಕಳಿಸಿದೆ. ನಾಲ್ಕನೇ ದಿನ ಅಡುಗೆಮನೆಯಿಂದ ಬಂದು ನೋಡ್ತೀನಿ, ಟಿವಿಲಿರೋ ಮಕ್ಕಳು ಕೈ ಮೇಲೆತ್ತಿ ಜಿಗೀತಿದಾರೆ, ನಮ್ಮವನು ಸೋಫಾ ಮೇಲೆ ಚಕ್ಕಂಬಕ್ಕಳ ಹಾಕಿ ಚಕ್ಕುಲಿ ಮುರಿದು ತಿಂತಾ ಅವರನ್ನ ನೋಡ್ತಿದಾನೆ. ಮಗಳು ಅವನ ಪಕ್ಕದಲ್ಲಿ. ಬಾಯಿ ಮಾತ್ರ ಆಡ್ತಿದೆ.

ಅಂದ್ರೆ ಇದೂ ಒಂದು ಕಾರ್ಟೂನ್ ಥರಾನೇ ಆಗೋಯ್ತು. ನಿಮ್ಮಲ್ಲಿ ಯಾರಿಗಾದ್ರೂ ಇದು ನಿಜವಾಗಿ ಕೆಲಸ ಮಾಡಿದೆಯಾ? ಮಾಡಿದ್ರೆ ಹೇಗೆ?

ಪಿಟಿ ಮೇಷ್ಟ್ರು (ಹಾಸನ)

ಮೇಡಂ, ನಾನು ಹೈಸ್ಕೂಲಲ್ಲಿ ದೈಹಿಕ ಶಿಕ್ಷಣ ಹೇಳ್ಕೊಡ್ತೀನಿ. ನಿಮ್ಮ ಮಗ ಸೋಂಬೇರಿ ಅಲ್ಲ, ಆ ವಿಡಿಯೋ ಅವನಿಗೆ ಕಡಿಮೆ ಕೆಲಸ ಕೊಡ್ತಿದೆ ಅಷ್ಟೆ. ಒಂದು ಸಲ ಗಡಿಯಾರ ಹಿಡ್ಕೊಂಡು ಕೂತು ನೋಡಿ. ನಾನು ಹಾಗೆ ನೋಡಿದೀನಿ, 12 ನಿಮಿಷದ ಒಂದು ವಿಡಿಯೋದಲ್ಲಿ ಮಗು ನಿಜವಾಗಿ ಮೈ ಅಲ್ಲಾಡಿಸೋದು 5 ನಿಮಿಷವೂ ಇರಲಿಲ್ಲ, ಮಿಕ್ಕಿದ್ದೆಲ್ಲ ಮಾತು, ಹಾಡು, ಬಣ್ಣ, ಲೈಕ್ ಮಾಡಿ ಸಬ್‌ಸ್ಕ್ರೈಬ್ ಮಾಡಿ. ನೋಡೋಕೆ ಚೆನ್ನಾಗಿದ್ದಷ್ಟೂ ಮಗು ನಿಂತು ನೋಡುತ್ತೆ, ಮಾಡಲ್ಲ. ಮಕ್ಕಳಿಗೆ ವಿಡಿಯೋ ಆರಿಸೋವಾಗ ಗ್ರಾಫಿಕ್ಸ್ ಕಡಿಮೆ ಇರೋದು, ಒಬ್ರೇ ನಿಂತು ಮಾಡಿ ತೋರಿಸೋದು, ಮಾತು ಕಡಿಮೆ ಇರೋದು ಹುಡುಕಿ.

ಎಷ್ಟು ಮಾಡಿಸಬೇಕು ಅಂದ್ರೆ, ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದು 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ಅದೂ ಸ್ವಲ್ಪ ಏದುಸಿರು ಬರೋ ಹಾಗೆ. ಏದುಸಿರು ಗೊತ್ತಾಗೋಕೆ ಮೀಟರ್ ಏನೂ ಬೇಡ. ಮಗು ಮಾತಾಡಬಹುದು ಆದ್ರೆ ಹಾಡು ಹೇಳೋಕೆ ಆಗ್ತಿಲ್ಲ ಅಂದ್ರೆ ಮಧ್ಯಮ, ಎರಡು ಮಾತಾಡಿ ಉಸಿರು ತಗೋತಿದೆ ಅಂದ್ರೆ ಜೋರು. ಮಾಡ್ತಾ ಮಾಡ್ತಾನೇ ಪೂರ್ತಿ ಹಾಡು ಹೇಳ್ತಿದೆ ಅಂದ್ರೆ ಇನ್ನೂ ಶುರುವೇ ಆಗಿಲ್ಲ ಅಂತ ಲೆಕ್ಕ. ಈ 60 ನಿಮಿಷ ಒಟ್ಟಿಗೇ ಆಗಬೇಕಿಲ್ಲ, ಬೆಳಗ್ಗೆ 10, ಮಧ್ಯಾಹ್ನ 10, ಸಂಜೆ 15 ಹೀಗೆ ಸೇರಿಸ್ತಾ ಹೋಗಬಹುದು, ಮನೆ ಕೆಲಸದಲ್ಲಿ ಬಕೆಟ್ ಎತ್ತಿದ್ದೂ ಸೇರುತ್ತೆ.

ಇನ್ನೊಂದು ವಿಷ್ಯ. ಕೆಲವು ವಿಡಿಯೋದಲ್ಲಿ ಬಲಗೈ ಅಂತ ಹೇಳಿ ಎಡಗೈ ಎತ್ತಿರ್ತಾರೆ, ಕನ್ನಡೀಲಿ ನೋಡಿದ ಹಾಗೆ ಕಾಣ್ಲಿ ಅಂತ. ಕೆಲವರಲ್ಲಿ ಹಾಗಿರಲ್ಲ. 4 ವರ್ಷದ ಮಗುಗೆ ಇದರಿಂದ ತಲೆ ಕೆಡುತ್ತೆ, ಆಮೇಲೆ ಬಿಟ್ಟುಬಿಡುತ್ತೆ. ಚಿಕ್ಕವಳಿಗೆ ಎಡ ಬಲ ಅನ್ನೋದನ್ನೇ ಬಿಟ್ಟು ಎರಡೂ ಕೈ ಒಟ್ಟಿಗೆ ಎತ್ತೋ ಥರದ್ದು ಹಾಕಿ.

ಹಳೇ ದಾವಣಗೆರೆ

ನನ್ನ ಅಭಿಪ್ರಾಯ ಬೇರೆ ಇದೆ, ಬೇಸರ ಮಾಡ್ಕೋಬೇಡಿ ತಾಯಿ. ಸ್ಕ್ರೀನ್ ಬಿಡಿಸೋಕೆ ಮತ್ತೆ ಸ್ಕ್ರೀನೇ ಯಾಕೆ? ಸೀಮೆಸುಣ್ಣದಲ್ಲಿ ನೆಲದ ಮೇಲೆ ಮನೆ ಬರೆದು ಕುಂಟೆಬಿಲ್ಲೆ ಆಡ್ಸಿ, ಟೈಲ್ಸ್ ಮೇಲೆ ಒದ್ದೆ ಬಟ್ಟೆ ಎಳೆದ್ರೆ ಹೋಗುತ್ತೆ. ನಮ್ಮ ಕಾಲದಲ್ಲಿ ಮಳೆ ಬಂದ್ರೆ ಪಡಸಾಲೇಲಿ ಕೆರೆ-ದಡ ಆಡ್ತಿದ್ವಿ, ಒಂದು ಗೆರೆ ಸಾಕು, ಆ ಕಡೆ ಕೆರೆ ಈ ಕಡೆ ದಡ. ಕೂಗೋನು ಕೆರೆ ಅಂದ್ರೆ ಒಳಗೆ ಹಾರಬೇಕು, ದಡ ಅಂದ್ರೆ ಹೊರಗೆ. ಇದ್ದಲ್ಲೇ ಇರಬೇಕಾದಾಗ ಹಾರಿದ್ರೂ ಔಟು. ಹತ್ತು ನಿಮಿಷಕ್ಕೆ ಬೆವರು ಕಿತ್ಕೊಂಡು ಬರ್ತಿತ್ತು. ನನ್ನ ಮೊಮ್ಮಕ್ಕಳು ಬಂದಾಗ ಈಗಲೂ ಆಡಿಸ್ತೀನಿ, ಅವರು ಮೊಬೈಲ್ ಕೇಳೋದೇ ಇಲ್ಲ.

ಮಲೆನಾಡಮ್ಮ (ತೀರ್ಥಹಳ್ಳಿ ಕಡೆ)

ಅಂಕಲ್, ನೀವು ಹೇಳಿದ್ದು ಸರಿ ಇದೆ, ಬೇಜಾರೇನಿಲ್ಲ. ಆದ್ರೆ ಕೂಗೋಕೆ ಒಬ್ರು ಬೇಕಲ್ಲ. ನಂಗೆ ಬೆಳಗ್ಗೆ 9ರಿಂದ 1ರ ತನಕ ಲ್ಯಾಪ್‌ಟಾಪಲ್ಲಿ ಕೆಲಸ, ಕಾಲ್ ಇರುತ್ತೆ. ಅತ್ತೆಗೆ ಮಂಡಿ ನೋವು, ಕೂತಲ್ಲಿಂದ ಏಳೋದೇ ಕಷ್ಟ. ಇವರು ಬೆಳಗ್ಗೆ ಅಡಿಕೆಗೆ ಔಷಧಿ ಹೊಡೆಸೋದು, ಚರಂಡಿ ಬಿಡಿಸೋದು ಅಂತ ತೋಟಕ್ಕೆ ಹೋದ್ರೆ ಬರೋದು ಮಧ್ಯಾಹ್ನ. ಆ ನಾಲ್ಕು ಗಂಟೆಗೇ ನಾನು ಸ್ಕ್ರೀನ್ ಹಾಕೋದು. ಅದನ್ನ ತೆಗೆದು ಹಾಕೋಕೆ ಆಗಲ್ಲ, ಆ ಹೊತ್ತಲ್ಲಿ ಅವರು ಕಲ್ಲಿನ ಹಾಗೆ ಕೂರದೆ ಇದ್ರೆ ಸಾಕು ಅಂತ ನನ್ನ ಆಸೆ.

ಕಲಬುರ್ಗಿ ಅಕ್ಕ

ಅಕ್ಕಾರ, ನಿಮಗ ಮಳಿ, ನಮಗ ಬಿಸಲು. ಏಪ್ರಿಲ್ ಮೇ ತಿಂಗಳಾಗ 42, 43 ಡಿಗ್ರಿ, ಹನ್ನೊಂದರ ಮ್ಯಾಲ ಹುಡುಗ್ರನ್ನ ಹೊರಗ ಬಿಟ್ರ ಮೂಗಿನಾಗ ರಕ್ತ ಬರ್ತದ. ಸಂಜಿ ಐದರ ತನಕ ಕೂಲರ್ ಮುಂದ ಇರೋದ. ಹಂಗಾಗಿ ನಾ ಏನ್ ಮಾಡೀನಿ ಹೇಳ್ತೀನಿ ಕೇಳ್ರಿ, ಆ ಕಾಕಾ ಹೇಳಿದ ಆಟನ ಮೊಬೈಲಿಗೆ ಕಲಿಸೀನಿ.

ಫೋನ್‌ದಾಗ ರೆಕಾರ್ಡರ್ ಆನ್ ಮಾಡಿ ನಾನ ಕೂಗೀನಿ. ಕೆರಿ! ದಡ! ದಡ! ಅಂತ, ನಡುವ ಒಮ್ಮೆ ಲಗೂ ಲಗೂ, ಒಮ್ಮೆ ಐದು ಸೆಕೆಂಡ್ ಸುಮ್ಮನ, ಒಮ್ಮೆ ಕೆ ಕೆ ಕೆ ಅಂತ ಎಳದು ಕಡೀಕ ದಡ. ಎಂಟು ನಿಮಿಷದ್ದು. ನಡುನಡುವ ನಮ್ಮ ಅತ್ತಿಯವರ ದನಿ ಹಾಕೀನಿ, "ಏ ತಮ್ಮಾ, ಹತ್ತು ಬಸ್ಕಿ ಹೊಡಿ, ನಾ ಎಣಸ್ತೀನಿ" ಅಂತ, ಅವರು ಒಂದು ಎರಡು ಅಂತ ಎಣಸ್ಯಾರ ಸೈತ. ನೆಲದ ಮ್ಯಾಲ ಹಸಿರು ಟೇಪ್ ಹಚ್ಚಿ ಗೆರಿ. ಫೋನು ಬೋರಲ ಹಾಕಿ ಕಪಾಟಿನ ಮ್ಯಾಲ ಇಡ್ತೀನಿ, ಕಾಣಸೂದಿಲ್ಲ, ಕೇಳಸ್ತದ ಅಷ್ಟ. ಸ್ಕ್ರೀನ್ ಕಾಣಲಿಲ್ಲ ಅಂದ್ರ ನೋಡೂಕ ಏನೂ ಇರೂದಿಲ್ಲ ನೋಡ್ರಿ, ಹಂಗಾಗಿ ಹುಡುಗ್ರು ಮಾಡ್ತಾವ. ಮೂರು ದಿನಕ್ಕೊಮ್ಮೆ ಹೊಸಾದು ರೆಕಾರ್ಡ್ ಮಾಡಬೇಕು, ಇಲ್ಲಂದ್ರ ಯಾವುದರ ಆದ್ಮ್ಯಾಲ ಯಾವುದು ಬರ್ತದ ಅಂತ ಬಾಯಿಪಾಠ ಮಾಡಿಬಿಡ್ತಾವ. ನಮ್ಮ ಹುಡುಗ ನಾಕನೇ ದಿನ ಕೂಗೂಕಿಂತ ಮೊದಲ ಹಾರಾಕ ಹತ್ತಿದ್ದ.

ನೀರು ಮಾತ್ರ ಮುಂದ ಇಟ್ಟಿರ್ರಿ. ಬಿಸಲಾಗ ನಾವು ಅರ್ಧ ಮುಗದ ಮ್ಯಾಲ ಮಜ್ಜಿಗಿ ಕುಡಸ್ತೀವಿ.

ಪಿಟಿ ಮೇಷ್ಟ್ರು (ಹಾಸನ)

ಅಕ್ಕಾ, ಇದು ನಾನು ಕ್ಲಾಸಲ್ಲಿ ವಿಸಿಲ್ ಹಾಕೋ ಹಾಗೇ ಇದೆ, ತುಂಬ ಚೆನ್ನಾಗಿದೆ. ಕಣ್ಣಿಗೆ ತೋರಿಸಿದ್ರೆ ಮಗು ನಕಲು ಮಾಡುತ್ತೆ, ಕಿವಿಗೆ ಮಾತ್ರ ಕೇಳಿಸಿದ್ರೆ ತಾನೇ ಯೋಚನೆ ಮಾಡಿ ಮೈ ಕದಲಿಸುತ್ತೆ. ಹೊಸ ವ್ಯಾಯಾಮ ಆದ್ರೆ ಮೊದಲು ಎರಡು ದಿನ ವಿಡಿಯೋದಲ್ಲಿ ತೋರಿಸಿ, ಮೂರನೇ ದಿನದಿಂದ ಬರೀ ಸೌಂಡ್. ನಾನು ನಾಳೇನೇ ಶಾಲೇಲಿ ಮಾಡಿ ನೋಡ್ತೀನಿ, ನಮ್ಮ ಗ್ರೌಂಡಲ್ಲೂ ನೀರು ನಿಂತಿದೆ.

ಟೊರಾಂಟೊ ಕನ್ನಡಿಗ

ಇಲ್ಲಿ ಜನವರೀಲಿ ಮೈನಸ್ 15, 20 ಆದಾಗ ನಮ್ಮದೂ ಇದೇ ಕಥೆ. ನಾನು ಗೇಮಿಂಗ್ ದಾರಿ ಹಿಡಿದೆ, ಅದರ ಅನುಭವ ಹೇಳ್ತೀನಿ, ದುಡ್ಡು ಹಾಕೋ ಮುಂಚೆ ಓದಿ.

ಮೈ ಅಲ್ಲಾಡಿಸಿ ಆಡೋ ಗೇಮ್ ಹೊಸದೇನಲ್ಲ, 1998ರಲ್ಲೇ ಜಪಾನಿನ ಕೊನಾಮಿ ಕಂಪನಿ ಕಾಲಲ್ಲಿ ಬಾಣದ ಗುರುತು ತುಳಿದು ಕುಣಿಯೋ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್ ತಂದಿತ್ತು, 2006ರಲ್ಲಿ ನಿಂಟೆಂಡೊ ಕಂಪನಿಯ ವೀ ಬಂತು, ರಿಮೋಟ್ ಕೈಲಿ ಹಿಡಿದು ಬೀಸಿ ಆಡೋ ಗೇಮ್ ಯಂತ್ರ. ನಮ್ಮನೇಲಿ ಮೊದಲು ತಂದಿದ್ದು ಹಳೇ ವೀ, ಸೆಕೆಂಡ್ ಹ್ಯಾಂಡ್. ಟೆನಿಸ್ ಆಡ್ತಾ ಆಡ್ತಾ ನನ್ನ ಮಗ ಎರಡೇ ವಾರದಲ್ಲಿ ಕಂಡುಹಿಡಿದ, ತೋಳು ಬೀಸೋದೇ ಬೇಡ, ಕೂತ್ಕೊಂಡು ಮಣಿಕಟ್ಟು ತಿರುಗಿಸಿದ್ರೂ ಬಾಲ್ ಹೋಗುತ್ತೆ. ಆಮೇಲೆ ಜಸ್ಟ್ ಡ್ಯಾನ್ಸ್ ಅನ್ನೋ ಕುಣಿಯೋ ಗೇಮ್. ಅದರಲ್ಲಿ ಫೋನ್ ಅಥವಾ ರಿಮೋಟ್ ಬಲಗೈಲಿ ಹಿಡೀತಾರೆ, ಮಾರ್ಕ್ಸ್ ಕೊಡೋದು ಆ ಒಂದು ಕೈ ನೋಡಿ. ಕಾಲು ಕುಣೀತಿದೆಯೋ ಇಲ್ವೋ ಅದಕ್ಕೆ ಗೊತ್ತೇ ಆಗಲ್ಲ. ಮಗಳು ಬೀನ್ ಬ್ಯಾಗಲ್ಲಿ ಒರಗಿ ಬಲಗೈ ಒಂದನ್ನೇ ಆಡಿಸಿ ಒಳ್ಳೆ ಸ್ಕೋರ್ ತಗೊಂಡಿದ್ದನ್ನ ನಾನೇ ನೋಡಿದೀನಿ.

ನಿಜವಾಗಿ ಬೆವರಿಳಿಸಿದ್ದು ಅಂದ್ರೆ 2019ರಲ್ಲಿ ಬಂದ ರಿಂಗ್ ಫಿಟ್, ಅದೂ ನಿಂಟೆಂಡೊದವರದ್ದೇ ವ್ಯಾಯಾಮದ ಗೇಮ್. ಒಂದು ಸೆನ್ಸರ್ ತೊಡೆಗೆ ಪಟ್ಟಿ ಕಟ್ಟಿ ಹಾಕ್ತಾರೆ, ಇನ್ನೊಂದು ಕೈಲಿರೋ ರಬ್ಬರಿನಂಥ ಬಳೆಗೆ, ಅದನ್ನ ಒತ್ತಬೇಕು, ಎಳೀಬೇಕು, ಓಡಿದ್ರೆ ಮಾತ್ರ ಗೇಮ್ ಮುಂದಕ್ಕೆ ಹೋಗುತ್ತೆ. ಕಾಲು ಕದಲದೆ ಮೋಸ ಮಾಡೋದು ಕಷ್ಟ. ಕೆಳಗಿನ ಮನೆಯವರಿಗೆ ತೊಂದರೆ ಆಗಬಾರದು ಅಂದ್ರೆ ಸೈಲೆಂಟ್ ಮೋಡ್ ಇದೆ, ಓಡೋ ಬದಲು ಮಂಡಿ ಬಗ್ಗಿಸಿ ಏಳೋದು. ಆದ್ರೆ ಮಕ್ಕಳ ತೊಡೆಗೆ ಆ ಪಟ್ಟಿ ಸಡಿಲ, ನನ್ನ 6 ವರ್ಷದವಳಿಗೆ ಜಾರಿ ಬೀಳ್ತಿತ್ತು, 8-9 ವರ್ಷದ ಮೇಲೆ ಸರಿಹೋಗುತ್ತೆ.

ಕೈಲಿ ಹಿಡಿಯೋದು ಯಾವುದೇ ಇರ್ಲಿ, ಮಣಿಕಟ್ಟಿಗೆ ದಾರ ಹಾಕಿಸಿ. ವೀ ಬಂದ ಹೊಸದರಲ್ಲಿ ದಾರ ಕಿತ್ತು ರಿಮೋಟ್ ಹಾರಿ ಹೋಗ್ತಿತ್ತು ಅಂತ ಆ ಕಂಪನಿ 2006ರ ಡಿಸೆಂಬರಲ್ಲಿ ಸುಮಾರು 32 ಲಕ್ಷ ದಾರ ಬದಲಾಯಿಸಿ ಕೊಡ್ತು. ಮಕ್ಕಳ ಸುತ್ತ ಎರಡು ಕೈ ಚಾಚಿದಷ್ಟು ಜಾಗ ಖಾಲಿ ಇರ್ಬೇಕು, ಟೀಪಾಯಿ ಮೊದಲು ಪಕ್ಕಕ್ಕೆ.

ಇಷ್ಟೆಲ್ಲ ತಂದ ಮೇಲೆ ಹೇಳ್ತಿದೀನಿ, ಎಲ್ಲದಕ್ಕೂ ಮೂರು ತಿಂಗಳ ಆಯಸ್ಸು. ಉಳಿದದ್ದು ಒಂದೇ, ಶನಿವಾರ ರಾತ್ರಿ ನಾನು ಅವರ ಜೊತೆ ಪಂದ್ಯ ಆಡೋದು. ನಾನು ಸೋಲೋದು ನೋಡೋಕೆ ಅವರು ಎದ್ದು ನಿಲ್ತಾರೆ. 2020ರ ಮಾರ್ಚಲ್ಲಿ ಎಲ್ಲ ಕಡೆ ಶಾಲೆ ಮುಚ್ಚಿದಾಗ ಇಂಗ್ಲೆಂಡಿನ ಫಿಟ್‌ನೆಸ್ ಕೋಚ್ ಜೋ ವಿಕ್ಸ್ ಯೂಟ್ಯೂಬಲ್ಲಿ ಬೆಳಗ್ಗೆ 9ಕ್ಕೆ ಅರ್ಧ ಗಂಟೆ ಲೈವ್ ಪಿಟಿ ಕ್ಲಾಸ್ ಶುರು ಮಾಡಿದ್ರಲ್ಲ, ಎರಡನೇ ದಿನ 24ನೇ ತಾರೀಕು ಒಂದೇ ಸಲಕ್ಕೆ 9,55,185 ಕಡೆ ನೋಡ್ತಿದ್ರು ಅಂತ ಗಿನ್ನೆಸ್‌ನಲ್ಲಿ ಸೇರಿದೆ. ಅದರಲ್ಲಿ ಯಾವ ಗ್ರಾಫಿಕ್ಸೂ ಇರಲಿಲ್ಲ, ಅವರ ಮನೆ ಹಾಲಲ್ಲಿ ಒಬ್ಬ ಮನುಷ್ಯ ಹಾರ್ತಾ ಇದ್ರು. ಒಂದೇ ಹೊತ್ತು, ಎಲ್ಲ ಮಕ್ಕಳೂ ಈಗ ಇದನ್ನೇ ಮಾಡ್ತಿದಾರೆ ಅನ್ನೋ ಭಾವನೆ, ಅದಕ್ಕೇ ಜನ ಬಂದ್ರು ಅಂತ ನಂಗನ್ಸುತ್ತೆ. ನಿಮ್ಮ ಮನೇಲೂ ಟೈಮ್ ಒಂದೇ ಇಟ್ಟು ನೋಡಿ.

ಸೆಕೆಂಡ್ ಫ್ಲೋರ್ ಬೆಂಗಳೂರು

ನಾನು ಕೆಳಗಿನ ಮನೆಯವಳು. ಅಂದ್ರೆ ನಿಮ್ಮ ಯಾರ ಮನೆ ಕೆಳಗೂ ಅಲ್ಲ, ನಮ್ಮ ಅಪಾರ್ಟ್‌ಮೆಂಟಲ್ಲಿ. ಮೇಲಿನ ಮನೇಲಿ ಎರಡು ಮಕ್ಕಳು, ಮಧ್ಯಾಹ್ನ ಎರಡೂವರೆಗೆ ವಿಡಿಯೋ ಹಾಕಿ ಹಾರೋಕೆ ಶುರು ಮಾಡ್ತಾರೆ, ನಮ್ಮನೆ ಕೂಸು ಆಗ ತಾನೇ ಮಲಗಿರುತ್ತೆ. ಆ ಮಕ್ಕಳಿಗೆ ಆಡೋಕೆ ಬೇರೆ ಜಾಗ ಇಲ್ಲ, ಕೆಳಗೆ ಪೂರ್ತಿ ಕಾರ್ ಪಾರ್ಕಿಂಗ್, ಅದಕ್ಕೆ ನಂಗೂ ಬಯ್ಯೋಕೆ ಮನಸ್ಸು ಬರಲ್ಲ. ಆ ಅಮ್ಮನ ಜೊತೆ ಕೂತು ಮಾತಾಡಿ ಹೊತ್ತು ಹೊಂದಿಸ್ಕೊಂಡ್ವಿ. ಎರಡರಿಂದ ನಾಲ್ಕು ಹಾರೋದು ಬೇಡ, ಆ ಹೊತ್ತಲ್ಲಿ ಸದ್ದಾಗದ್ದು: ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಥರ ಕೂರೋದು, ಏಡಿ ನಡಿಗೆ, ಕರಡಿ ಹಾಗೆ ಕೈ ಕಾಲು ಊರಿ ಹಾಲ್ ಸುತ್ತೋದು, ಸೂರ್ಯ ನಮಸ್ಕಾರ ನಿಧಾನಕ್ಕೆ. ಕರಡಿ ನಡಿಗೆ ಮೂರು ಸುತ್ತು ಹಾಕಿದ್ರೆ ದೊಡ್ಡವರಿಗೇ ಭುಜ ನೋಯುತ್ತೆ, ಹಾರಿದ್ದಕ್ಕಿಂತ ಏನೂ ಕಡಿಮೆ ಇಲ್ಲ. ಜಿಗಿಯೋದು ಸಂಜೆ ಐದರ ಮೇಲೆ, ಕೆಳಗೆ ಜಮಖಾನ ಮಡಚಿ ಹಾಸಿ. ಸಾಕ್ಸ್ ಮಾತ್ರ ಬೇಡವೇ ಬೇಡ, ಟೈಲ್ಸ್ ಮೇಲೆ ಸಾಕ್ಸ್ ಹಾಕಿ ಹಾರಿ ಜಾರಿದ ಮಗುವಿನ ಗಲ್ಲ ಟೇಬಲ್ ಅಂಚಿಗೆ ತಾಗಿ ಮೂರು ಹೊಲಿಗೆ ಬಿದ್ದಿದ್ದು ನಮ್ಮ ಬಿಲ್ಡಿಂಗಲ್ಲೇ.

ಫಿಸಿಯೋ ಅಮ್ಮ (ಮೈಸೂರು)

ನಾನು ಫಿಸಿಯೋಥೆರಪಿಸ್ಟ್, ಎರಡು ಮಾತು ಸೇರಿಸ್ತೀನಿ.

ವಯಸ್ಸು ನೋಡ್ಕೊಳ್ಳಿ. ಎರಡು ವರ್ಷದ ಒಳಗಿನ ಮಗುಗೆ ಕುಣಿಸೋ ವಿಡಿಯೋ ಕೂಡ ಬೇಡ, ನಮ್ಮ ಮಕ್ಕಳ ಡಾಕ್ಟರ್‌ಗಳ ಸಂಘ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನವರು ಆ ವಯಸ್ಸಿಗೆ ಸ್ಕ್ರೀನೇ ಬೇಡ ಅಂತಾರೆ, 2ರಿಂದ 5ಕ್ಕೆ ಒಂದು ಗಂಟೆ ಮೀರಬಾರದು, 5ರಿಂದ 10ಕ್ಕೆ ಎರಡು ಗಂಟೆಯ ಒಳಗೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಚಿಕ್ಕ ಮಕ್ಕಳಿಗೆ ಒಂದು ಗಂಟೆ ಅಂದಾಗ ಬಳಸಿರೋ ಮಾತು ಗಮನಿಸಿ, ಕೂತು ನೋಡೋ ಸ್ಕ್ರೀನ್ ಟೈಮ್ ಅಂತ. ಅಂದ್ರೆ ಮಲೆನಾಡಮ್ಮನ ಚಿಂತೆ ಸರಿಯಾದ ಜಾಗದಲ್ಲೇ ಇದೆ. ಅದರಲ್ಲೇ 3-4 ವರ್ಷದವರಿಗೆ ದಿನಕ್ಕೆ ಒಟ್ಟು 180 ನಿಮಿಷ ಓಡಾಟ ಬೇಕು, ಅದರಲ್ಲಿ 60 ನಿಮಿಷ ಚುರುಕಾಗಿ ಅಂತಾನೂ ಇದೆ. ವಿಡಿಯೋ ಒಂದರಿಂದ 180 ನಿಮಿಷ ಆಗಲ್ಲ. ಮಂಚದ ಕೆಳಗೆ ನುಸಿಯೋದು, ದಿಂಬು ಹೊರೋದು, ಬಟ್ಟೆ ಮಡಚಿದ್ದು ತಂದು ಕೊಡೋದು, ಎಲ್ಲ ಸೇರಿ ಆಗುತ್ತೆ.

ದೊಡ್ಡವರ ತೂಕ ಇಳಿಸೋ ವಿಡಿಯೋಗಳನ್ನ ಮಕ್ಕಳಿಗೆ ಹಾಕ್ಬೇಡಿ. ತಲೆ ಕೆಳಗೆ ಮಾಡೋ ಆಸನಗಳನ್ನ ವಿಡಿಯೋ ನೋಡಿ ಕಲಿಸೋದು ಖಂಡಿತ ಬೇಡ, ಕುತ್ತಿಗೆ ಮೇಲೆ ಭಾರ ಬೀಳುತ್ತೆ, ಪಕ್ಕದಲ್ಲಿ ಹಿಡಿಯೋರು ಇರಲ್ಲ.

ಇನ್ನು ಕಣ್ಣು. ಮನೆಯೊಳಗೆ ಎಷ್ಟು ಕುಣಿದ್ರೂ ಕಣ್ಣಿಗೆ ಹೊರಗಿನ ಬೆಳಕಿನ ಲಾಭ ಸಿಗಲ್ಲ. ಹೊರಗೆ ಹೆಚ್ಚು ಹೊತ್ತು ಇರೋ ಮಕ್ಕಳಿಗೆ ದೂರದ್ದು ಮಸುಕಾಗೋ ಸಮೀಪದೃಷ್ಟಿ ಬರೋ ಸಾಧ್ಯತೆ ಕಡಿಮೆ ಅನ್ನೋದು ಚೆನ್ನಾಗಿ ಗೊತ್ತಿರೋ ವಿಷ್ಯ. ಮೋಡ ಇದ್ರೂ ಹೊರಗಿನ ಬೆಳಕು ಮನೆ ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ಮಳೆ ಅರ್ಧ ಗಂಟೆ ಹೊಳವಾದ್ರೂ ಸಾಕು, ಜಗಲಿಗೆ ಕರ್ಕೊಂಡು ಬನ್ನಿ, ವಿಡಿಯೋ ಅರ್ಧಕ್ಕೇ ನಿಂತ್ರೂ ಪರವಾಗಿಲ್ಲ.

ಪುಟ್ಟನ ಅಮ್ಮ

ನನ್ನ ಮಗನಿಗೆ ಆಟಿಸಂ ಇದೆ, 9 ವರ್ಷ. ಸ್ಕ್ರೀನ್ ಬೇಡ ಬೇಡ ಅಂತ ಎಲ್ಲರೂ ಹೇಳೋವಾಗ ನಂಗೆ ಒಳಗೊಳಗೇ ತುಂಬ ನೋವಾಗುತ್ತೆ, ಅದಕ್ಕೆ ಬರೀತಿದೀನಿ. ಗ್ರೌಂಡಲ್ಲಿ ಬೇರೆ ಮಕ್ಕಳ ಗಲಾಟೆ ಅವನಿಗೆ ತಡ್ಕೊಳ್ಳೋಕೆ ಆಗಲ್ಲ, ಕಿವಿ ಮುಚ್ಕೊಂಡು ಕೂತುಬಿಡ್ತಾನೆ. ಒಂದು 6 ನಿಮಿಷದ ವಿಡಿಯೋ ಇದೆ, ಒಂದೇ ಥರ ಹೆಜ್ಜೆ, ಒಂದೇ ಮ್ಯೂಸಿಕ್. ಎಂಟು ತಿಂಗಳಿಂದ ದಿನಾ ಅದೇ, ಬೇರೆ ಹಾಕಿದ್ರೆ ಒಪ್ಪಲ್ಲ. ಮೊದಲು ನೋಡ್ತಾ ಕೂತಿದ್ದ, ಎರಡನೇ ತಿಂಗಳು ಕೈ ಮಾತ್ರ, ಈಗ ಪೂರ್ತಿ ನಿಂತು ಮಾಡ್ತಾನೆ, ಕೊನೇಲಿ ಬರೋ ಚಪ್ಪಾಳೆ ಹೊತ್ತಿಗೆ ನನ್ನ ಕೈ ಹಿಡಿದು ಎಳ್ಕೋತಾನೆ. ಕಲಬುರ್ಗಿ ಅಕ್ಕ ಮೂರು ದಿನಕ್ಕೊಮ್ಮೆ ಹೊಸದು ಬೇಕು ಅಂದ್ರು, ಮೇಷ್ಟ್ರು ಎರಡು ದಿನ ತೋರಿಸಿ ವಿಡಿಯೋ ಬಿಡಿ ಅಂದ್ರು, ಕೆಲವು ಮಕ್ಕಳಿಗೆ ಹಳೇದೇ ಬೇಕು. ನಾಲ್ಕನೇ ದಿನಕ್ಕೆ ನಿರಾಶೆ ಆಗ್ಬೇಡಿ ಅಕ್ಕಾ. ಕೂತು ನೋಡೋದೂ ಕೆಲವರಿಗೆ ಕಲಿಯೋ ದಾರಿ.

ಪಿಟಿ ಮೇಷ್ಟ್ರು (ಹಾಸನ)

ಒಪ್ಪಿದೆ ತಾಯಿ. ನಾನು ಹಾಗೆ ಯೋಚನೆ ಮಾಡಿರಲಿಲ್ಲ.

ಕುಡ್ಲದ ಅಕ್ಕ

ನಮ್ಮ ಮಂಗಳೂರಿನಲ್ಲಿ ಮಕ್ಕಳಿಗೆ ಯಾವ ಯೋಗ ವಿಡಿಯೋನೂ ಬೇಡ ಮಾರಾಯ್ರೆ, ತಾಸೆ (ಹುಲಿವೇಷಕ್ಕೆ ಬಾರಿಸುವ ವಾದ್ಯ) ಪೆಟ್ಟು ಕೇಳಿದ್ರೆ ಸಾಕು. ದಸರಾದಲ್ಲಿ ಹುಲಿವೇಷ ನೋಡಿರ್ತಾರಲ್ಲ, ಅದರದ್ದು ಆಡಿಯೋ ಮಾತ್ರ ಬ್ಲೂಟೂತ್ ಸ್ಪೀಕರಿಗೆ ಹಾಕ್ತೇನೆ, ನನ್ನ ಅವಳಿಗಳು ಬೈರಾಸು (ಟವೆಲ್) ಸೊಂಟಕ್ಕೆ ಬಾಲದ ಹಾಗೆ ಸಿಕ್ಕಿಸಿಕೊಂಡು ಶುರು. ಹುಲಿ ಹೆಜ್ಜೆ ಅಂದ್ರೆ ಮಂಡಿ ಬಗ್ಗಿಸಿಯೇ ಇರಬೇಕು, ಎದ್ದು ನಿಲ್ಲುವ ಹಾಗೆ ಇಲ್ಲ, ಐದು ನಿಮಿಷ ಮಾಡಿ ನೋಡಿ ತೊಡೆ ನಡುಗ್ತದೆ. ಮೊದಲು ಒಂದು ವಾರ ವಿಡಿಯೋ ತೋರಿಸಿದ್ದೆ ಹೆಜ್ಜೆ ಕಲಿಲಿಕ್ಕೆ, ಈಗ ಅದು ಬೇಡ. ಯಕ್ಷಗಾನ ಕಲಿಯುವ ಮಕ್ಕಳಿದ್ರೆ ಅವರಿಗೂ ಹೀಗೆಯೇ ಮಾಡಬಹುದು, ಚೆಂಡೆ ಮದ್ದಳೆ ಆಡಿಯೋಕ್ಕೆ ಹೆಜ್ಜೆ ಹಾಕಿಸುವುದು.

ಯೂಟ್ಯೂಬ್‌ನಲ್ಲಿ ಹಾಕುವವರು ಆಟೋಪ್ಲೇ ಆಫ್ ಮಾಡಿ, ಇಲ್ಲದಿದ್ರೆ ಕುಣಿತ ಮುಗಿದ ಕೂಡಲೇ ಆಟಿಕೆ ಬಿಚ್ಚುವ ವಿಡಿಯೋ ಬಂದು ಮಕ್ಕಳು ಅಲ್ಲಿಯೇ ಕೂತ್ಕೊಳ್ತಾರೆ. ಯೂಟ್ಯೂಬ್ ಕಿಡ್ಸ್‌ನಲ್ಲಿ ಟೈಮರ್ ಉಂಟು, 15 ನಿಮಿಷ ಇಟ್ರೆ ಅದೇ ನಿಲ್ತದೆ, ನಾವು ಕೆಟ್ಟವರಾಗುವುದು ತಪ್ತದೆ.

ಮಲೆನಾಡಮ್ಮ (ತೀರ್ಥಹಳ್ಳಿ ಕಡೆ)

ಮೂರು ವಾರ ಆದ ಮೇಲೆ ಬರೀತಿದೀನಿ. ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳೋದು ಗೊತ್ತಿಲ್ಲ.

ಕಲಬುರ್ಗಿ ಅಕ್ಕ ಹೇಳಿದ ಹಾಗೆ ರೆಕಾರ್ಡ್ ಮಾಡ್ದೆ. ನಮ್ಮ ಅತ್ತೆ ಕೂಗಿದ್ದು. ಮಂಡಿ ನೋವಿದ್ರೂ ಗಂಟಲು ಗಟ್ಟಿ ಇದೆಯಲ್ಲ, ಅವರು ಕೆರೆ ದಡದ ಮಧ್ಯೆ "ಬೆಕ್ಕು ಬಂತು, ಮಂಚ ಹತ್ತಿ", "ಮಳೆ ಬಂತು, ಅಡಿಕೆ ಒಳಗೆ ಹಾಕಿ" ಅಂತ ಅವರೇ ಸೇರಿಸಿದ್ರು. ಅಡಿಕೆ ಅಂದ್ರೆ ಹಾಲಿನ ಆ ತುದಿಯಿಂದ ದಿಂಬು ತಂದು ಈ ತುದೀಲಿ ಒಟ್ಟೋದು. ಬೆಳಗ್ಗೆ 10ಕ್ಕೆ ಒಂದು ಸಲ, 12ಕ್ಕೆ ಒಂದು ಸಲ, ಟೊರಾಂಟೊ ಅಣ್ಣ ಹೇಳಿದ ಹಾಗೆ ಟೈಮ್ ಬದಲಾಯಿಸಿಲ್ಲ. ಯೋಗದ ವಿಡಿಯೋ ಸಂಜೆ ನಾನೂ ಪಕ್ಕದಲ್ಲಿ ನಿಂತು ಮಾಡೋವಾಗ ಮಾತ್ರ. ನಾನು ಮರ ಆಗಿ ಒಂಟಿ ಕಾಲಲ್ಲಿ ನಿಂತ್ರೆ ಇಬ್ರೂ ನನ್ನ ತಳ್ಳೋಕೆ ಬರ್ತಾರೆ, ಅಲ್ಲೇ ಅರ್ಧ ವ್ಯಾಯಾಮ ಆಗುತ್ತೆ. ಟ್ಯಾಬ್ ಪೂರ್ತಿ ಬಿಟ್ಟಿಲ್ಲ, ಕಾರ್ಟೂನ್ ದಿನಕ್ಕೆ ಮುಕ್ಕಾಲು ಗಂಟೆ ಇದೆ. ರಾತ್ರಿ ಒಂಬತ್ತೂವರೆಗೆ ನಿದ್ದೆ ಮಾಡ್ತಿದಾರೆ. ನಂಗೆ ಅದೇ ದೊಡ್ಡದು.

ಮೊನ್ನೆ ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ, ಫೋನ್ ಚಾರ್ಜೂ ಖಾಲಿ. ಹತ್ತು ಗಂಟೆಗೆ ಸದ್ದೇ ಇಲ್ಲವಲ್ಲ ಅಂತ ಬಂದು ನೋಡಿದ್ರೆ ಮಗ ಕಿಟಕಿ ಕಟ್ಟೆ ಮೇಲೆ ಕೂತು ಅಜ್ಜಿ ದನೀಲೇ ಕೆರೆ ದಡ ಅಂತ ಕೂಗ್ತಿದಾನೆ, ತಂಗಿ ಒಬ್ಳೇ ಹಾರ್ತಿದಾಳೆ. ನೋಡಿ ಕಣ್ಣು ತುಂಬಿ ಬಂತು. ಒಂದೇ ತೊಂದರೆ, ಅವನು ಬೇಕು ಅಂತಾನೇ ವೇಗವಾಗಿ ಕೂಗಿ ಅವಳನ್ನ ಪ್ರತೀ ಸಲ ಔಟ್ ಮಾಡ್ತಾನೆ, ಅವಳು ಅತ್ತು ನನ್ನ ಹತ್ರ ಬರ್ತಾಳೆ. ಇದಕ್ಕೇನು ಮಾಡ್ಲಿ?

ಹಳೇ ದಾವಣಗೆರೆ

ತಾಯಿ, ಔಟ್ ಆದವರು ಹೊರಗೆ ಕೂರೋದಲ್ಲ, ಔಟ್ ಆದವರೇ ಮುಂದಿನ ಸಲ ಕೂಗಬೇಕು, ಕೂಗ್ತಿದ್ದವನು ಇಳಿದು ಹಾರಬೇಕು. ಹಾಗೆ ಮಾಡಿದ್ರೆ ಕೂಗೋ ಆಸೆಗೆ ಅವನೇ ನಿಧಾನಕ್ಕೆ ಕೂಗ್ತಾನೆ ನೋಡಿ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ಆಗೋದಾದ್ರೆ ಅವರ ಆ ರೆಕಾರ್ಡಿಂಗ್ ನಂಗೂ ಕಳಿಸ್ಕೊಡಿ, ಮೊಮ್ಮಕ್ಕಳು ದಸರಾ ರಜಕ್ಕೆ ಬರ್ತಿದಾರೆ, ನನ್ನ ಗಂಟಲು ಈಚೆಗೆ ಹತ್ತು ನಿಮಿಷ ಕೂಗಿದ್ರೆ ಕಟ್ಟುತ್ತೆ.